ಕತ್ತಲಲ್ಲಿ ಸಂಕ ದಾಟಲು ಆಗದ ಅಪ್ಪಯ್ಯನಿಗೆ ತಿರುಗುವ ಕುರ್ಚಿಯ ಪರೀಕ್ಷೆ ಬೇಕಾ?

ಸುಮಾ, ಹೊಸನಗರ:
ನಮ್ಮ ಅಪ್ಪಯ್ಯನಿಗೆ 67 ವರ್ಷ. ಹಗಲು ತೋಟದಲ್ಲಿ ಹೇಗೋ ಓಡಾಡುತ್ತಾರೆ, ಹೊತ್ತು ಮುಳುಗಿತೋ ಕುಡಿದವರ ಹಾಗೆ ತೂರಾಡುತ್ತಾರೆ. ಒಂದು ತೊಟ್ಟೂ ಕುಡಿದವರಲ್ಲ. ಹೋದ ತಿಂಗಳು ಮುಸ್ಸಂಜೆ ಹೊತ್ತಲ್ಲಿ ಹಳ್ಳದ ಸಂಕದಿಂದ ಬಿದ್ದರು, ಐವತ್ತು ವರ್ಷದಿಂದ ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ದಾಟುತ್ತಿದ್ದ ಸಂಕ ಅದು. ನಡೆಯುವಾಗ ಅಂಗಡಿ ಬೋರ್ಡುಗಳೆಲ್ಲ ಕುಣಿಯುತ್ತವೆ ಅಂತಾರೆ. ಆದರೆ ತಲೆ ಗಿರ್ರನೆ ಸುತ್ತುವುದಿಲ್ಲ. ವಿಚಿತ್ರ ಅಂದ್ರೆ ಮೊದಲೆಲ್ಲ ಆಗುಂಬೆ ಘಾಟಿಯಲ್ಲಿ ತಪ್ಪದೆ ವಾಂತಿ ಮಾಡುತ್ತಿದ್ದರು, ಈಗ ಅದೂ ಇಲ್ಲ.

ಒಬ್ಬ ಡಾಕ್ಟರು ಮೂರು ತಿಂಗಳು ತಲೆಸುತ್ತಿನ ಮಾತ್ರೆ ನುಂಗಿಸಿದರು, ಉಪಯೋಗ ಆಗಲಿಲ್ಲ. ಇನ್ನೊಬ್ಬರು ಕಿವಿಗೆ ನೀರು ಬಿಟ್ಟು ನೋಡಿ, ಎರಡೂ ಕಿವಿಯ ಸ್ಪಂದನೆ ಕಡಿಮೆ ಇದೆ, ಕುರ್ಚಿಯಲ್ಲಿ ಕೂರಿಸಿ ತಿರುಗಿಸುವ ಪರೀಕ್ಷೆ ಮಾಡಿಸಿ ಅಂದರು. ನಿಲ್ಲಲಾರದ ಮನುಷ್ಯನನ್ನು ತಿರುಗಿಸಿ ಏನು ಕಂಡುಹಿಡಿಯುತ್ತಾರೆ? ಅಮ್ಮ ಬೇರೆ ಹೆದರಿದ್ದಾರೆ.

ಕೊಪ್ಪದ ಭಟ್ಟರು:
ಪಿತ್ತ ಇರಬೇಕು ತಂಗಿ. ಜೀರಿಗೆ ಕಷಾಯ ಕೊಟ್ಟು ನೋಡಿ. ಕವಳ ಹಾಕುವುದನ್ನೂ ಕಡಿಮೆ ಮಾಡಿಸಿ.

ಮಂಡಗದ್ದೆ ಹುಡುಗ:
ಭಟ್ರೇ, ಸಂಕದಿಂದ ಬಿದ್ದವರಿಗೆ ಜೀರಿಗೆನಾ? ಇರಲಿ. ಅಕ್ಕಾ, ನನಗೆ ಎರಡು ವರ್ಷದ ಹಿಂದೆ ಈ ಪರೀಕ್ಷೆ ಆಗಿದೆ, ಬೆಂಗಳೂರಲ್ಲಿ. ನಾನೂ ಜಾತ್ರೆ ತೊಟ್ಟಿಲ ಹಾಗೆ ತಿರುಗಿಸ್ತಾರೆ ಅಂದುಕೊಂಡು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಹಾಗೇನಿಲ್ಲ. ಬೆಲ್ಟು ಬಿಗಿದು, ತಲೆ ಅಲ್ಲಾಡದ ಹಾಗೆ ಹಿಡಿದು, ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಹಾಕಿ ಪೂರ್ತಿ ಕತ್ತಲು ಮಾಡುತ್ತಾರೆ. ಕುರ್ಚಿ ಎಡಕ್ಕೂ ಬಲಕ್ಕೂ ಮೆಲ್ಲಗೆ ಹೋಗಿ ಬರುತ್ತದೆ. ಅತಿ ನಿಧಾನದ್ದು ಒಂದು ಸಲ ಹೋಗಿ ಬರಲು 100 ಸೆಕೆಂಡು ತಗೊಳ್ಳುತ್ತೆ, ತೂಕಡಿಕೆ ಬರುತ್ತೆ! ಆದರೆ ಮಲಗಲು ಬಿಡುವುದಿಲ್ಲ, ಏನಾದರೂ ಹೇಳ್ತಾ ಇರಿ ಅಂತಾರೆ. ನಾನು ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಮೇಗರವಳ್ಳಿ, ಆಗುಂಬೆ ಅಂತ ಬಸ್ ಸ್ಟಾಪು ಹೇಳಿದೆ. ಕೊನೆಗೆ ಒಂದೇ ಕಡೆಗೆ ಒಂದೇ ವೇಗದಲ್ಲಿ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು ಅನಿಸಿತು, ನೋಡಿದರೆ ಇನ್ನೂ ತಿರುಗುತ್ತಿತ್ತಂತೆ. ನಿಜವಾಗಿ ನಿಲ್ಲಿಸಿದಾಗ ಉಲ್ಟಾ ತಿರುಗಿದ ಹಾಗಾಯಿತು.

ರೇಖಾ, ಆಡಿಯಾಲಜಿಸ್ಟ್:
ಮಂಡಗದ್ದೆಯವರು ಚೆನ್ನಾಗಿ ಹೇಳಿದ್ದಾರೆ. ಆ ಉಲ್ಟಾ ತಿರುಗಿದ ಅನುಭವ ಕಿವಿ ಸರಿ ಇರುವವರಿಗೆ ಆಗಲೇಬೇಕು. ಒಳಗಿವಿಯಲ್ಲಿ ಸಮತೋಲ ನೋಡಿಕೊಳ್ಳುವ ಮೂರು ಅರೆಸುತ್ತಿನ ನಾಳಗಳಿವೆ, ಅದರೊಳಗೆ ದ್ರವ. ತಲೆ ತಿರುಗಿದರೆ ದ್ರವ ಹಿಂದೆ ಉಳಿಯುತ್ತದೆ, ತುಂಬಿದ ಚೊಂಬನ್ನು ತಟ್ಟನೆ ತಿರುಗಿಸಿದಾಗ ನೀರು ಉಳಿಯುವ ಹಾಗೆ. ಅದರಿಂದ ಮಿದುಳಿಗೆ ಸುದ್ದಿ ಹೋಗಿ ಕಣ್ಣು ಎದುರು ದಿಕ್ಕಿಗೆ ಸರಿಯುತ್ತದೆ. ಈ ಸರಿಯುವಿಕೆ ಇರುವುದರಿಂದಲೇ ನಡೆಯುವಾಗ ನಮಗೆ ಬೋರ್ಡು ಕುಣಿಯುವುದಿಲ್ಲ. ಕುರ್ಚಿ ಎಷ್ಟು ತಿರುಗಿತು, ಕಣ್ಣು ಎಷ್ಟು ಸರಿಯಿತು, ಎಷ್ಟು ಬೇಗ ಅಥವಾ ತಡವಾಗಿ, ಇದನ್ನೇ ಅಳೆಯುವುದು. ಕತ್ತಲು ಯಾಕೆ ಅಂದ್ರೆ ಬೆಳಕಿದ್ದರೆ ಕಣ್ಣು ಗೋಡೆಗೆ ಅಂಟಿಕೊಂಡು ನಮ್ಮನ್ನು ಮೋಸ ಮಾಡುತ್ತದೆ. ಮನಸ್ಸು ಮಂಕಾದರೂ ಕಣ್ಣಿನ ಚಲನೆ ತಗ್ಗುತ್ತದೆ, ಅದಕ್ಕೇ ಬಸ್ ಸ್ಟಾಪು.

ಕಿವಿಗೆ ನೀರು ಬಿಡುವ ಪರೀಕ್ಷೆಯಲ್ಲಿ 30 ಮತ್ತು 44 ಡಿಗ್ರಿ ನೀರು, ಒಂದೊಂದೇ ಕಿವಿಗೆ. ಯಾವ ಕಿವಿ ಸೋತಿದೆ ಅನ್ನುವುದಕ್ಕೆ ಅದೇ ವಾಸಿ. ಆದರೆ ಎರಡೂ ಕಿವಿ ಸೋತಿವೆ ಅನ್ನುವ ಅನುಮಾನ ಬಂದಾಗ ಕುರ್ಚಿಗೆ ಬೆಲೆ, ಬೇರೆ ಬೇರೆ ವೇಗದಲ್ಲಿ ಎಷ್ಟು ಉಳಿದಿದೆ ಅಂತ ಅದು ತೋರಿಸುತ್ತದೆ. ಎರಡೂ ಒಟ್ಟಿಗೆ ಸೋತರೆ ತಲೆ ಸುತ್ತದೇ ಇರಬಹುದು, ಘಾಟಿಯ ವಾಂತಿಯೂ ನಿಲ್ಲಬಹುದು! ಅಂದಹಾಗೆ ಈ ಕುರ್ಚಿಗೆ ಮೂಲ ಹಾಕಿದ ರಾಬರ್ಟ್ ಬರಾನಿಗೆ 1914ರ ನೊಬೆಲ್ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ಸುಮಾ, ಒಂದು ಕೇಳಬೇಕು. ಇತ್ತೀಚೆಗೆ ಅಪ್ಪಯ್ಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ತಗೊಂಡಿದ್ದರಾ? ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಥರದ್ದು? ಸೋಂಕಿಗೆ ಕೊಡುವ ಈ ಔಷಧಿಗಳು ಕೆಲವರಲ್ಲಿ ಒಳಗಿವಿಯ ಸಮತೋಲದ ಕೋಶಗಳನ್ನು ಸಾಯಿಸಬಹುದು.

ಸುಮಾ, ಹೊಸನಗರ:
ಮೇಡಂ, ಎದೆ ಝಲ್ ಅಂತು. ಹೋದ ಮಳೆಗಾಲದಲ್ಲಿ ಮೂತ್ರದ ಸೋಂಕು ಅಂತ ಅಡ್ಮಿಟ್ ಆಗಿದ್ದರು. ಡಿಸ್ಚಾರ್ಜ್ ಚೀಟಿ ಬೀರುವಿನಲ್ಲಿ ಸಿಕ್ಕಿತು. ಜೆಂಟಾಮೈಸಿನ್, 10 ದಿನ.

ರೇಖಾ, ಆಡಿಯಾಲಜಿಸ್ಟ್:
ಅದೇ ಕಾರಣ ಅಂತ ನಾನು ಇಲ್ಲಿಂದ ಹೇಳಲಾರೆ, ಆದರೆ ಚೀಟಿ ತಪ್ಪದೆ ತಗೊಂಡು ಹೋಗಿ. ಕುರ್ಚಿ ಎಲ್ಲ ಊರಲ್ಲೂ ಇರುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿ. ತಲೆಸುತ್ತಿನ ಮಾತ್ರೆ ಪರೀಕ್ಷೆಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ, ಬಿಪಿ, ಶುಗರ್ ಮಾತ್ರೆ ಮುಟ್ಟಬೇಡಿ. ಸತ್ತ ಕೋಶಗಳನ್ನು ಬದುಕಿಸುವ ಔಷಧಿ ಇಲ್ಲ. ಆದರೆ ಹೆಬ್ಬೆರಳು ನೋಡುತ್ತಾ ತಲೆ ಆಡಿಸುವಂಥ ವ್ಯಾಯಾಮಗಳಿವೆ, ಕಣ್ಣು ಮತ್ತು ಕಾಲು ಆ ಕೆಲಸ ಸ್ವಲ್ಪ ಕಲಿಯುತ್ತವೆ. ಎಷ್ಟು ಉಳಿದಿದೆ ಅಂತ ಗೊತ್ತಾದರೆ ಯಾವ ವ್ಯಾಯಾಮ ಕೊಡಬೇಕು ಅನ್ನುವುದು ಸುಲಭ.

ಸುಮಾ, ಹೊಸನಗರ:
ಬರುವ ವಾರಕ್ಕೆ ಹೆಸರು ಬರೆಸಿದ್ದೇವೆ. ತಮ್ಮ ನಿನ್ನೆ ಸಂಕಕ್ಕೆ ಎರಡೂ ಕಡೆ ಬಿದಿರಿನ ಕೈಹಿಡಿ ಕಟ್ಟಿದ. ಅಪ್ಪಯ್ಯ, ನನ್ನನ್ನು ಮಗು ಮಾಡಿಬಿಟ್ಟಿರಲ್ಲ ಅಂತ ಬೈದರು. ಸಂಜೆ ಮಾತ್ರ ಹಿಡಿದುಕೊಂಡೇ ದಾಟಿದರು.