ಮಿಡ್‌ಬ್ರೈನ್ ಕ್ಲಾಸಿಗೆ ಸೇರಿಸೋ ಮುಂಚೆ

ಎಲ್ಲರಿಗೂ ನಮಸ್ಕಾರ. ರಜಕ್ಕೆ ಮೈಸೂರಿಗೆ ಹೋಗುತ್ತಿದ್ದೇವೆ, ಮಗನನ್ನು ಮಿಡ್‌ಬ್ರೈನ್ ಆಕ್ಟಿವೇಷನ್ ಕ್ಲಾಸಿಗೆ ಸೇರಿಸಬಹುದಾ ಅಂತ ಹೋದ ವಾರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಎರಡು ಸಾಲು ಬರೆಯೋಣ ಅಂತ ಕೂತೆ, ಉದ್ದವಾಯಿತು. ನಾವೂ ಈಗ ಊರಲ್ಲೇ ಇದ್ದೇವೆ, ಪಾಂಡವಪುರದ ಹತ್ತಿರ. ನಾವಿರೋ ಮೆಲ್ಬರ್ನ್‌ನಲ್ಲಿ ಶಾಲೆ ಶುರುವಾಗೋದು ಜನವರಿ ಕೊನೆಗೆ. ಹಾಗಾಗಿ ಈ ಸಲ ಅವರೆಕಾಯಿ ಕಾಲವೂ ಸಿಕ್ಕಿತು, ಸಂಕ್ರಾಂತಿಯೂ ಸಿಕ್ಕಿತು.

ನನ್ನ ಉತ್ತರ: ಬೇಡ. ಮಕ್ಕಳ ಮಿಡ್‌ಬ್ರೈನ್ ಎಬ್ಬಿಸುತ್ತೇವೆ, ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓದುತ್ತಾರೆ ಅನ್ನೋದು ಈ ಕ್ಲಾಸಿನವರ ಮಾತು. ಮಿಡ್‌ಬ್ರೈನ್ ಅನ್ನೋದು ಮೆದುಳಿನ ಕಾಂಡದ ಮೇಲಿನ ಭಾಗ. ಕಣ್ಣು ಅತ್ತಿತ್ತ ಆಡೋದಕ್ಕೆ, ಸದ್ದು ಬಂದ ಕಡೆ ತಟ್ಟನೆ ತಿರುಗೋದಕ್ಕೆ ಅದು ಬೇಕು. ಮಗ ಕಣ್ಣು ಬಿಟ್ಟು ನಿಮ್ಮನ್ನು ನೋಡುತ್ತಿದ್ದಾನೆ ಅಂದರೆ ಅದು ಆಗಲೇ ಕೆಲಸ ಮಾಡುತ್ತಿದೆ. ಪಟ್ಟಿ ಕಟ್ಟಿಕೊಂಡು ಓದೋದು ಮೂಗಿನ ಪಕ್ಕದ ಸಂದಿಯಿಂದ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಈ ಆಟವನ್ನು ಬಯಲು ಮಾಡುತ್ತಾ ಬಂದಿದ್ದಾರೆ. ದುಡ್ಡು ಹೋಗೋದು ಬಿಡಿ. ತಾನು ಕದ್ದು ನೋಡುತ್ತಿರೋದು ಮಗುವಿಗೆ ಗೊತ್ತಿರುತ್ತದೆ, ಎದುರಿಗೆ ಅಪ್ಪ ಅಮ್ಮ ಚಪ್ಪಾಳೆ ಹೊಡೆಯುತ್ತಿರುತ್ತಾರೆ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ನಮ್ಮ ಮನೆ ಕಥೆ ಬೇರೆ. ಮಗಳಿಗೆ ಒಂಬತ್ತು ವರ್ಷ. ಮೆಲ್ಬರ್ನ್‌ನ ಶನಿವಾರದ ಕನ್ನಡ ತರಗತಿಯಲ್ಲಿ ಒಂದೊಂದು ಅಕ್ಷರವನ್ನೂ ಇಪ್ಪತ್ತು ಸಲ ಬರೆಸುತ್ತಿದ್ದರು. ಮುತ್ತಿನ ಹಾಗೆ ಬರೆಯುತ್ತಿದ್ದಳು. ಮುಂದಿನ ಶನಿವಾರ ಕೇಳಿದರೆ ಥ, ಧ ಎರಡೂ ಒಂದೇ. ಒಂದು ದಿನ ಕಾರಿನಲ್ಲಿ ಕೂತು "ನನ್ನ ಬ್ರೈನಲ್ಲಿ ಕನ್ನಡಕ್ಕೆ ಜಾಗ ಇಲ್ಲ" ಅಂದುಬಿಟ್ಟಳು. ಬೈಯೋದಾ, ನಗೋದಾ ಗೊತ್ತಾಗಲಿಲ್ಲ.

ಇಲ್ಲಿಗೆ ಬಂದ ಮೇಲೆ ಪಕ್ಕದ ಆಲೆಮನೆಗೆ ಕರೆದುಕೊಂಡು ಹೋದೆ. ಕೊಪ್ಪರಿಗೆಯಿಂದ ಇಳಿಸಿದ ಬೆಲ್ಲವನ್ನು ಅಚ್ಚಿಗೆ ಹಾಕುತ್ತಿದ್ದರು. ಆರಿದ ಅಚ್ಚುಗಳನ್ನು ತೂಕದ ಮಿಷನ್ ಮೇಲೆ ಒಂದೊಂದಾಗಿ ಇಡಿಸಿದೆ. 1.4 ಕೆಜಿ ಹತ್ತಿರ ಬಂದಾಗ ನಿಲ್ಲಿಸು ಅಂದೆ. "ತಾತನ ಮೆದುಳು ಹೆಚ್ಚುಕಮ್ಮಿ ಇಷ್ಟು ತೂಕ, ನಿಂದೂ ಆಗಲೇ ಅದರ ಹತ್ತಿರಕ್ಕೆ ಬಂದಿದೆ." ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಮೆದುಳಿನೊಳಗೆ ಸುಮಾರು 8,600 ಕೋಟಿ ನರಕೋಶಗಳು, ಹೊಸದೇನಾದರೂ ಕಲಿತಾಗ ಅವುಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ, ಹಾಗಾಗಿ ಜಾಗ ತುಂಬಿಹೋಯಿತು ಅನ್ನೋ ಮಾತೇ ಇಲ್ಲ ಅಂತ ಹೇಳಿದೆ. ದೊಡ್ಡವರ ಮೈ ತೂಕದಲ್ಲಿ ನೂರಕ್ಕೆ ಸುಮಾರು ಎರಡು ಪಾಲಿರೋ ಮೆದುಳು ಸುಮ್ನೆ ಕೂತಿದ್ದರೂ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲು ತಿನ್ನುತ್ತದೆ, ಅದೂ ಮುಖ್ಯವಾಗಿ ಸಕ್ಕರೆ ಅಂಶವನ್ನು, ಅಂತಲೂ ಹೇಳಿದೆ. ಅದನ್ನು ಹೇಳಬಾರದಿತ್ತು. ಇನ್ನೊಂದು ತುಂಡು ಬೆಲ್ಲಕ್ಕೆ ಅವಳಿಗೆ ಕಾರಣ ಸಿಕ್ಕಿತು.

ಆದರೆ ನಿಜವಾಗಿ ಕಲಿಸಿದವರು ನಮ್ಮವ್ವ. ಹಿದುಕಿದ ಬೇಳೆ ಸಾರಿಗೆ ಇಬ್ಬರೂ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವ್ವ ನೆಲದ ಮೇಲೆ ಕಾಳು ಜೋಡಿಸಿ ಒಂದು ಥ ಮಾಡಿದರು. "ನೋಡ್ಕೊ ಮಗ" ಅಂದು, ಅಂಗೈಯಲ್ಲಿ ಸವರಿ ಕಾಳನ್ನೆಲ್ಲ ಬುಟ್ಟಿಗೆ ಹಾಕಿದರು. ಮತ್ತೆ ಸುಲಿಯೋದು, ದನದ ಮಾತು, ಪಕ್ಕದ ಮನೆ ಮಾತು. ಹತ್ತು ನಿಮಿಷ ಬಿಟ್ಟು "ಆಗ್ಲೆ ಮಾಡಿದ್ನಲ್ಲ, ಎಂಗಿತ್ತು, ಈಗ ನೀನು ಮಾಡು." ಅವಳು ಕಾಳು ಹಿಡಿದುಕೊಂಡು ಯೋಚನೆ ಮಾಡಿದಳು. ಒಂದು ಸಲ ತಪ್ಪಿತು, ಅವ್ವ ಒಂದೇ ಕಾಳು ಸರಿಸಿದರು. ಸಾಯಂಕಾಲ ದೀಪ ಹಚ್ಚುವಾಗ ಮತ್ತೆ ಕೇಳಿದರು. ಮಾರನೇ ದಿನ ಕೇಳಲಿಲ್ಲ, ಅದರಾಚೆ ದಿನ ಕೇಳಿದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು.

(ಒಂದು ತೊಂದರೆಯೂ ಆಯಿತು. ಅವ್ವ ಹಾಲಿಗೆ 'ಆಲು' ಅನ್ನುತ್ತಾರೆ. ಇವಳು ಹಾಗೇ ಬರೆದಳು. ಕೇಳಿಸಿದ್ದನ್ನು ಸರಿಯಾಗೇ ಬರೆದಿದ್ದಾಳೆ, ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ?)

ನೋಡದೆ ನೆನಪು ಮಾಡಿಸೋ ಅವ್ವನ ಈ ರೀತಿಗೆ ಪ್ರಯೋಗದ ಆಧಾರವೂ ಇದೆ. 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಕೆಲವರು ನಾಲ್ಕು ಸರದಿಯೂ ಓದಿದರು. ಇನ್ನು ಕೆಲವರು ಮೊದಲ ಸರದಿ ಮಾತ್ರ ಓದಿ, ಉಳಿದ ಮೂರು ಸರದಿ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದೆ. ನಾವು ಮೋಸ ಹೋಗೋದು ಇಲ್ಲೇ, "ಈಗ ತಾನೇ ಒಪ್ಪಿಸಿದಳಲ್ಲ" ಅಂತ. ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ನೂರಕ್ಕೆ ಸುಮಾರು 40 ಪಾಲು, ನೆನಪು ಮಾಡಿಕೊಂಡು ಬರೆದವರಿಗೆ ಸುಮಾರು 61. ಕಲಿತದ್ದು ಮೊದಮೊದಲು ಬೇಗ ಮರೆತುಹೋಗುತ್ತದೆ, ಆಮೇಲೆ ನಿಧಾನವಾಗಿ ಅಂತ ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ದ.

ಮರೆಯೋದು ಎಲ್ಲರಿಗೂ ಆಗೋದೇ, ಮರೆಯುವ ಹೊತ್ತಿಗೆ ತಡಕಾಡಿ ತೆಗೆದರೆ ಗಟ್ಟಿಯಾಗುತ್ತದೆ ಅಂತ ಮಗಳಿಗೆ ಹೇಳಿದೆ. ನಿದ್ದೆಯಲ್ಲೂ ಮೆದುಳು ಹಗಲಿನ ಪಾಠವನ್ನು ಭದ್ರ ಮಾಡುತ್ತಿರುತ್ತದೆ ಅಂದಿದ್ದಕ್ಕೆ ಮಾತ್ರ ನಂಬಲಿಲ್ಲ, ಬೇಗ ಮಲಗಿಸೋ ಉಪಾಯ ಅಂದುಕೊಂಡಳು.

ಆ ಕ್ಲಾಸಿನ ಫೀಸು ಉಳಿಸಿ, ವಾಪಸ್ ಹೋಗುವಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಿಜವಾದ ಮನುಷ್ಯರ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ನಿನ್ನೆ ಸಂಜೆ ಅವ್ವ ಕಾಳು ಸವರಿ, ಎರಡೇ ನಿಮಿಷಕ್ಕೆ "ಯೋಳು ಮಗ, ಯಾವ್ದು?" ಅಂದರು. ಮಗಳು ತಲೆ ಎತ್ತದೆ ಕಾಯಿ ಸುಲಿಯುತ್ತಾ, "ಇವಾಗ್ಲೇ ಕೇಳ್ಬೇಡ ಅಜ್ಜಿ, ಸ್ವಲ್ಪ ಮರೀಲಿ" ಅಂದಳು.