ಭೂಗೋಳ ಪ್ರಬಂಧ: 15 ಅಂಕದ ಕಾಫಿ ಪ್ರಶ್ನೆಗೆ ಉತ್ತರ ಹೇಗೆ ಕಟ್ಟೋದು?

ಕಡೂರು_ಬಿಎ:
ಪ್ರಶ್ನೆ ಹೀಗಿದೆ: ‘ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಫಿ ಬೆಳೆಯ ಹಂಚಿಕೆಯನ್ನು ಭೌತಿಕ ಅಂಶಗಳು ಎಷ್ಟರ ಮಟ್ಟಿಗೆ ನಿರ್ಧರಿಸುತ್ತವೆ? ವಿಶ್ಲೇಷಿಸಿ.’ ಸಮಯ 30 ನಿಮಿಷ. ಎತ್ತರ, ಮಳೆ, ಉಷ್ಣತೆ, ಮಣ್ಣು ಅಂತ ಉಪಶೀರ್ಷಿಕೆ ಹಾಕಿ ಬರೆದರೆ ‘ಬರೀ ವಿವರಣೆ’ ಅಂತಾರೆ. ಏನು ಬದಲಾಯಿಸಬೇಕು? ನಕ್ಷೆ ಬೇಕೇ ಬೇಕಾ?

ಘಟ್ಟದಂಚು:
‘ಹಂಚಿಕೆ’, ‘ಎಷ್ಟರ ಮಟ್ಟಿಗೆ’. ಈ ಎರಡು ಪದಕ್ಕೆ ಅಡಿಗೆರೆ ಹಾಕಿ. ಹಂಚಿಕೆ ಅಂದರೆ ಎಲ್ಲಿದೆ, ಎಲ್ಲಿಲ್ಲ ಎರಡೂ. ಮೂಡಿಗೆರೆ, ಕೊಪ್ಪದ ಕಡೆ ತೋಟ. ನಿಮ್ಮ ಕಡೂರಿನ ಬಯಲಲ್ಲಿ ರಾಗಿ, ತೆಂಗು. ಈ ವ್ಯತ್ಯಾಸವೇ ಉತ್ತರದ ಬೆನ್ನೆಲುಬು. ಉಪಶೀರ್ಷಿಕೆ ಹಾಕಿದ ಕೂಡಲೇ ಅದು ಮುರಿಯುತ್ತೆ, ಯಾಕಂದ್ರೆ ಎತ್ತರ, ಮಳೆ, ಉಷ್ಣತೆ ಬೇರೆ ಬೇರೆ ಅಲ್ಲ, ಒಂದರಿಂದ ಒಂದು ಹುಟ್ಟುವಂಥವು.

ಮೊದಲ 5 ನಿಮಿಷ ಬರೆಯಬೇಡಿ. ಹಿಂದಿನ ಪುಟದಲ್ಲಿ ನಿಲುವನ್ನು ಒಂದು ವಾಕ್ಯದಲ್ಲಿ ಗೀಚಿಕೊಳ್ಳಿ: ‘ಎಲ್ಲಿ ಬೆಳೆಯಬಹುದು ಅನ್ನೋದನ್ನ ಘಟ್ಟ, ಮಳೆ ನಿರ್ಧರಿಸುತ್ತವೆ, ಆ ಗಡಿಯೊಳಗೆ ಯಾವ ಜಾತಿ, ಎಷ್ಟು ಅನ್ನೋದರಲ್ಲಿ ನೀರಾವರಿ, ಕೂಲಿಯಾಳು, ಬೆಲೆಗೂ ಪಾಲಿದೆ.’ ಪ್ರತಿ ಪ್ಯಾರಾ ಇದಕ್ಕೇ ಬಂದು ಸೇರಬೇಕು.

ಪ್ಯಾರಾ 1: ನೈಋತ್ಯ ಮಾರುತ ಘಟ್ಟ ಏರುವಾಗ ತಣ್ಣಗಾಗಿ ಮಳೆ ಸುರಿಸುತ್ತೆ, ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ ಒಣಗುತ್ತೆ, ಕಡೂರು ಮಳೆನೆರಳಿಗೆ ಬೀಳುತ್ತೆ.
ಪ್ಯಾರಾ 2: ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾಗೆ 1000–1500 ಮೀ., 15–25 ಡಿಗ್ರಿ ಸೆ.; ರೊಬಸ್ಟಾಗೆ 500–1000 ಮೀ., 20–30 ಡಿಗ್ರಿ ಸೆ. ಅಂಕಿ ಕೊಟ್ಟು ಸುಮ್ಮನಾಗಬೇಡಿ, ‘ಆದ್ದರಿಂದ’ ಅಂತ ಮುಂದುವರಿಸಿ.
ಪ್ಯಾರಾ 3: ಹೂಮಳೆ. ಅಂಕ ಇರೋದು ಇಲ್ಲೇ. ವಾರ್ಷಿಕ ಮಳೆ ಎಷ್ಟೇ ಇರಲಿ, ಮಾರ್ಚ್–ಏಪ್ರಿಲ್‌ನಲ್ಲಿ ಹದವಾದ ಮಳೆ ಬೀಳದಿದ್ದರೆ ಮೊಗ್ಗು ಸರಿಯಾಗಿ ಅರಳೋದಿಲ್ಲ. ರೊಬಸ್ಟಾ ತೋಟದವರು ಆಗ ಸ್ಪ್ರಿಂಕ್ಲರ್ ಹಾಕ್ತಾರೆ. ಅಂದರೆ ಭೌತಿಕ ಮಿತಿಯನ್ನು ಮನುಷ್ಯ ಸ್ವಲ್ಪ ಸರಿಸಿದ, ಆದರೆ ಹಳ್ಳ, ಕೆರೆಯಲ್ಲಿ ನೀರಿದ್ದರೆ ಮಾತ್ರ. ‘ಎಷ್ಟರ ಮಟ್ಟಿಗೆ’ಗೆ ನೇರ ಉತ್ತರ ಇದೇ.

ಪೆನ್ಸಿಲ್_ನಕ್ಷೆ:
ನಕ್ಷೆಗಿಂತ ಅಡ್ಡಕೊಯ್ತದ ಚಿತ್ರ ವಾಸಿ. 3 ನಿಮಿಷ ಸಾಕು. ಎಡಕ್ಕೆ ಅರಬ್ಬೀ ಸಮುದ್ರ, ಘಟ್ಟದ ಏರು, ಮುಳ್ಳಯ್ಯನಗಿರಿ (ಸುಮಾರು 1930 ಮೀ.), ಬಲಕ್ಕೆ ಕಡೂರು, ಗಾಳಿಗೆ ಬಾಣ, ಶೀರ್ಷಿಕೆ, ‘ಪ್ರಮಾಣಕ್ಕೆ ಅಲ್ಲ’ ಅಂತ ಒಂದು ಸಾಲು. ಬಣ್ಣ ಬೇಡ. ಪ್ಯಾರಾದೊಳಗೆ ‘ಚಿತ್ರ 1 ನೋಡಿ’ ಅಂತ ಬರೆಯದಿದ್ದರೆ ಅದು ಅಲಂಕಾರವಾಗಿ ಉಳಿಯುತ್ತೆ.

ಸಕಲೇಶಪುರ_ಓದು:
ಬಾಬಾ ಬುಡನ್ ಏಳು ಬೀಜ ತಂದ ಕತೆಯಿಂದ ಪೀಠಿಕೆ ಶುರು ಮಾಡಬೇಡಿ. ಕಾಫಿ ಹೇಗೆ ಬಂತು ಅನ್ನೋದು ಬೇರೆ, ಎಲ್ಲಿ ನಿಂತಿತು ಅನ್ನೋದು ಬೇರೆ. ಹಾಸನದ ಮೇಲೆ ಪ್ರಶ್ನೆ ಬಂದರೂ ಇದೇ ಚೌಕಟ್ಟು: ಸಕಲೇಶಪುರ ಒಂದು ಕಡೆ, ಅರಸೀಕೆರೆ ಇನ್ನೊಂದು ಕಡೆ.

ಕಡೂರು_ಬಿಎ:
ಮಣ್ಣನ್ನು ಬಿಟ್ಟೇ ಬಿಡೋದಾ?

ಘಟ್ಟದಂಚು:
ಬಿಡಬೇಡಿ, ಎರಡನೇ ಪ್ಯಾರಾದಲ್ಲೇ ಎರಡು ಸಾಲು: ಇಳಿಜಾರಿನಲ್ಲಿ ನೀರು ಬಸಿದುಹೋಗುತ್ತೆ, ಬೇರಿಗೆ ನಿಂತ ನೀರು ಆಗೋದಿಲ್ಲ, ಅದೇ ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ನೆರಳಿನ ಮರ ಕಾಯುತ್ತೆ.