ಸಹಾಯ ಬೇಕು: ಫೂಬಾರ್2000 ಮ್ಯೂಸಿಕ್ ಪ್ಲೇಯರ್‌ನಲ್ಲಿ ಕನ್ನಡ ಹೆಸರು ಹುಡುಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಲೈಬ್ರರಿ ಸರ್ಚ್‌ನಲ್ಲಿ 'ರಾಜ್‌ಕುಮಾರ್' ಅಂತ ಹಾಕಿದರೆ ಅಣ್ಣಾವ್ರ ಅರ್ಧ ಹಾಡುಗಳು ಮಾತ್ರ ಬರುತ್ತವೆ. ಫೈಲ್ ಒಳಗೆ ಗಾಯಕರ ಹೆಸರು ಇರುವ ಟ್ಯಾಗ್ ತೆರೆದು ನೋಡಿದೆ. ಕೆಲವದರಲ್ಲಿ 'ರಾಜ್‌ಕುಮಾರ್', ಕೆಲವದರಲ್ಲಿ ಒತ್ತಕ್ಷರವಾಗಿ 'ರಾಜ್ಕುಮಾರ್', ಉಳಿದವು ಇಂಗ್ಲಿಷ್ ಅಕ್ಷರದಲ್ಲಿ. ಮೊದಲನೆಯದರಲ್ಲಿ 'ಜ್' ಆದಮೇಲೆ ಕಣ್ಣಿಗೆ ಕಾಣದ ಯು+200ಸಿ (ಒತ್ತಕ್ಷರ ಆಗದಂತೆ ತಡೆಯುವ ಯೂನಿಕೋಡ್ ಗುರುತು) ಕೂತಿದೆ. ಓದುವವರಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ ಅಲ್ವಾ?

ಸದ್ಯಕ್ಕೆ 'ಆರ್ಟಿಸ್ಟ್ ಹ್ಯಾಸ್' ಅಂತ ಮೂರೂ ರೂಪಕ್ಕೆ ಮೂರು ಸಲ ಸರ್ಚ್‌ನಲ್ಲಿ ಬರೆದು ನಡುವೆ 'ಆರ್' (OR, ಅಂದರೆ 'ಅಥವಾ') ಹಾಕುತ್ತಿದ್ದೇನೆ. ಹಾಡು ಸಿಗುತ್ತವೆ, ಆದರೆ ಪ್ರತಿ ಗಾಯಕರಿಗೂ ಇಷ್ಟು ಟೈಪ್ ಮಾಡುವುದು ಸುಮ್ನೆ ತಲೆನೋವು.

ಟ್ಯಾಗ್ ತಿದ್ದುವ ಸಾಫ್ಟ್‌ವೇರ್ ಎಂಪಿ3ಟ್ಯಾಗ್‌ನಲ್ಲಿ ಎಲ್ಲ ಫೈಲ್‌ಗಳಲ್ಲಿರುವ ಗಾಯಕರ ಹೆಸರನ್ನೂ ಒಂದೇ ಸಲ ಮೊದಲನೇ ರೂಪಕ್ಕೆ ತರಬಹುದಾ? (ಒತ್ತಕ್ಷರದ್ದು ನೋಡೋಕೆ ಚೆನ್ನಾಗಿಲ್ಲ.) ಇಂಗ್ಲಿಷ್ ಹೆಸರನ್ನು ಬೇರೆ ಫೀಲ್ಡ್‌ನಲ್ಲಿ ಉಳಿಸಿಕೊಳ್ಳಬೇಕು. ಮಾಡಿದವರಿದ್ದರೆ ದಯವಿಟ್ಟು ಹೇಳಿ.